ಚಿನ್ನ ಕಟ್ಟಿ

“ಕದ್ದು ಬೆಲ್ಲ ತಿಂತಾಳೆ ಡಾಕ್ಟ್ರಮ್ಮ. ಇಲ್ದಿದ್ರೆ ಇಷ್ಟು ಮಾತ್ರೆ ನುಂಗಿದ್ರೂ ಸಕ್ಕರೆ ಯಾಕೆ ಇಳಿಯಾಕಿಲ್ಲ?” ಎನ್ನುತ್ತ ಬಚ್ಚಪ್ಪ ಅಂಗಿ ಎತ್ತಿ, ಉಡುದಾರಕ್ಕೆ ಕಟ್ಟಿಕೊಂಡಿದ್ದ ಬೀಗದ ಕೈ ತೋರಿಸಿದ. ಬೆಲ್ಲದ ಪೆಟ್ಟಿಗೆಗೆ ಬೀಗ ಜಡಿದ ತನ್ನ ಜಾಣತನವನ್ನು ಹೊಸೂರಿನ ಡಾಕ್ಟರೂ ಮೆಚ್ಚಲಿ ಎಂಬ ಆಸೆ ಅವನಿಗೆ.

“ಒಂದು ಚೂರೂ ಬಾಯಿಗಾಕಿಲ್ಲ,” ಎಂದಳು ಹೆಂಡತಿ ಕೊಂಡಮ್ಮ. ದನಿ ಏರಿಸಲಿಲ್ಲ. ಯುಗಾದಿಯ ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಗಂಡ ಅವಳನ್ನು ಬೆಲ್ಲಗಳ್ಳಿ ಎಂದು, ಎಲ್ಲರೆದುರೇ ಆ ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡಿದ್ದ. ಅಂದಿನಿಂದ ಅವರೂರು ಜವಳಗಿರಿಯಲ್ಲಿ ಅವಳಿಗೆ ಅದೇ ಹೆಸರು. ಆ ಹೆಸರು ಅವಳನ್ನು ಕಾಯಿಲೆಗಿಂತ ಹೆಚ್ಚು ಸುಟ್ಟಿತ್ತು.

ಡಾಕ್ಟರಮ್ಮ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಕೊಂಡಮ್ಮನತ್ತ ತಿರುಗಿದರು. “ಹೋದ ಸಲ ನಿಮ್ಮ ಕಾಲಲ್ಲಿ ಗಂಡಸರ ಚಪ್ಪಲಿ ನೋಡಿಯೇ ನನಗೆ ಅನುಮಾನ ಬಂತು.”

“ನಂದೇ ಅವು,” ಬಚ್ಚಪ್ಪ ಸಿಡುಕಿದ. “ಅವಳ ಚಪ್ಪಲಿ ಅವಳ್ಗೇ ಹಿಡಿಯಾಕಿಲ್ಲ. ಉಂಗುರಾನೂ ಕತ್ತರಿಸಿ ತೆಗುಸ್ದೊ. ತಿಂದೂ ತಿಂದೂ ಹಂಗಾಗವ್ಳೆ.”

“ತಿಂದರೆ ಹೊಟ್ಟೆ ಬೆಳೆಯುತ್ತೆ. ಪಾದ ಬೆಳೆಯುತ್ತಾ?” ಎಂದ ಡಾಕ್ಟರಮ್ಮ ತಮ್ಮ ತಮಿಳಿಗೆ ಜಾರಿದರು. “ತಲೈಯಿಲ ಒರು ಚಿನ್ನ ಕಟ್ಟಿ ಇರುಕ್ಕು.”

ತಲೆಯಲ್ಲಿ ಒಂದು ಸಣ್ಣ ಗಡ್ಡೆ ಇದೆ ಎಂದಷ್ಟೇ ಅದರ ಅರ್ಥ. ಬಚ್ಚಪ್ಪನಿಗೆ ತಮಿಳು ಬಾರದೆ ಏನಿಲ್ಲ. ಆದರೆ ಗಾಬರಿಯಲ್ಲಿ ಅವನ ಕಿವಿಗೆ ಕನ್ನಡವೇ ಬಿತ್ತು. “ತಲೇಲಿ ಚಿನ್ನವಾ!”

“ಊ ಕಣಯ್ಯೋ, ನೀನು ಮಾಡಿಸ್ಲಿಲ್ಲ ಅಂತ ದೇವ್ರೇ ಮಡಗವ್ನೆ,” ಕೊಂಡಮ್ಮ ನಕ್ಕಳು. “ಗಡ್ಡೆ ಅಂತಾವ್ರೆ. ಸುಮ್ಕೆ ಕೇಳು.”

ಡಾಕ್ಟರಮ್ಮ ಬಿಡಿಸಿ ಹೇಳಿದರು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿ. ಅಲ್ಲೊಂದು ಗಡ್ಡೆ ಬೆಳೆದು, ಬೆಳವಣಿಗೆಯ ಹಾರ್ಮೋನು ಮಿತಿ ಮೀರಿ ಸುರಿಯುತ್ತಿದೆ. ಕೈಕಾಲು ದಪ್ಪವಾಗಿದ್ದು ಅದರಿಂದಲೇ. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯ ಜೀವಕೋಶಗಳು ಸಕ್ಕರೆ ಇಳಿಸಲು ಇನ್ಸುಲಿನ್ ಮಾಡುತ್ತಲೇ ಇವೆ. ಆದರೆ ಈ ಹಾರ್ಮೋನು ಅದನ್ನು ಕೆಲಸ ಮಾಡಗೊಡುವುದಿಲ್ಲ. ಇನ್ನಷ್ಟು, ಮತ್ತಷ್ಟು ಎಂದು ದುಡಿದು ಅವು ಸೋತಿವೆ.

“ಮೂಗಿನೊಳಗಿಂದಲೇ ಆಪರೇಷನ್ ಮಾಡ್ತಾರೆ. ಗಡ್ಡೆ ಹೋದರೆ ಸಕ್ಕರೆಯೂ ಹತೋಟಿಗೆ ಬರುತ್ತೆ ಅನ್ನೋ ನಂಬಿಕೆ ನನಗಿದೆ.”

“ಮಾಡ್ಸಿ. ನಂಗೇನೂ ಭಯ ಇಲ್ಲ,” ಎಂದು ಕೊಂಡಮ್ಮ ಎದ್ದಳು.

ಬಚ್ಚಪ್ಪ ಏಳಲಿಲ್ಲ. “ಹಂಗಾದ್ರೆ... ಬೆಲ್ಲ?”

“ಬೆಲ್ಲದ್ದೇನೂ ತಪ್ಪಿಲ್ಲ. ಇವರದ್ದೂ ಇಲ್ಲ,” ಎಂದರು ಡಾಕ್ಟರಮ್ಮ.

ಬಸ್‌ಸ್ಟ್ಯಾಂಡಿನವರೆಗೂ ಅವನು ಹೆಂಡತಿಗಿಂತ ಎರಡು ಹೆಜ್ಜೆ ಹಿಂದೆಯೇ ನಡೆದ. ನಾಚಿಕೆಯಿಂದ ಕುಗ್ಗಿಹೋಗಿದ್ದ. ಕೊನೆಗೆ ಅತ್ತಿತ್ತ ನೋಡಿ, ಅಂಗಿಯೊಳಗೆ ಕೈ ಹಾಕಿ ಉಡುದಾರದ ಗಂಟು ಸಡಿಲಿಸಿದ. “ತಗೊ ಇವ್ಳೇ, ಬೀಗದ ಕೈ.”

ಕೊಂಡಮ್ಮ ಕೈ ಚಾಚಲಿಲ್ಲ.

“ಇಲ್ಲಿ ಬ್ಯಾಡ. ಆಪರೇಷನ್ ಮುಗಿಸ್ಕೊಂಡು ಬತ್ತೀನಿ. ನೆಂಟರ್ನೆಲ್ಲ ಊಟಕ್ಕೆ ಕರಿ. ಅವತ್ತು ಎಲ್ರ ಎದ್ರಿಗೇ ಕಟ್ಕೊಂಡ್ಯಲ್ಲ, ಎಲ್ರ ಎದ್ರಿಗೇ ಬಿಚ್ಚು.”