ರೀ ಅಂದರೆ ಸಿಗದವರು

ಗದಗಿನ ಮನೆಮನೆಯ ಮಾತೆಲ್ಲ ದಾಖಲಾಗಿ ಕ್ಲೌಡಿನಲ್ಲಿ ಉಳಿಯತೊಡಗಿ ಎರಡು ತಲೆಮಾರು ಕಳೆದಿತ್ತು. ಬೇಕಾದ ಮಾತನ್ನು ಹುಡುಕಿಕೊಡಲು ಊರಿಗೊಂದು ಸರ್ಚ್ ಕ್ಲಸ್ಟರ್ ಎಂಬ ಮಷೀನುಗಳ ಗುಂಪು, ಅದನ್ನು ನೋಡಿಕೊಳ್ಳುವ ಕಂಪನಿಯದೊಂದು ಕೌಂಟರ್ ಇತ್ತು. ತೀರಿಹೋದ ಗಂಡನ ದನಿ ಕೇಳುವಾಸೆಯಿಂದ ನೀಲವ್ವ ಅಲ್ಲಿಗೆ ಬಂದಳು.

ಮೈಕಿನೊಳಗೆ "ರೀ..." ಎಂದು ಕರೆದಳು. ಏನೂ ಸಿಗಲಿಲ್ಲ.

"ಅಜ್ಜಿ, ರೀ, ಹೂಂ ಅನ್ನೋ ಸಣ್ಣ ಮಾತು ಮಷೀನು ಲೆಕ್ಕಕ್ಕ ಹಿಡಿಯೂದಿಲ್ರಿ. ಅಜ್ಜಾರ ಹೆಸರು ಹೇಳ್ರಿ," ಎಂದಳು ಕೌಂಟರಿನ ಶಾಹೀನ್.

"ಗಂಡನ ಹೆಸರ ಹ್ಯಾಂಗ ಹೇಳಲೆವ್ವಾ?"

ಅವರ ಸಂಸಾರವೆಲ್ಲ ಆ ರೀ, ಹೂಂಗಳಲ್ಲೇ ಸಾಗಿತ್ತು. ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ನೀಲವ್ವ ತಲೆಯ ಮೇಲೆ ಸೆರಗೆಳೆದುಕೊಂಡು, ಗಂಡನ ಹೆಸರೆತ್ತಲು ಹೆಂಗಸರಿಗಿದ್ದ ಒಂದೇ ದಾರಿ ಹಿಡಿದಳು. ಪದ್ಯದೊಳಗೆ ಹೆಸರು ಹೆಣೆದು ಒಡಪು ಹೇಳಿದಳು:

"ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಕ, ಗುರುಪಾದಪ್ಪ ನಕ್ಕರ ಮತ್ತೇನ ಬೇಕ!"

ಅವಳ ದನಿಯಲ್ಲಿ ಆ ಹೆಸರಿದ್ದ ದಾಖಲೆ ಸಿಕ್ಕಿದ್ದು ಒಂದೇ ಒಂದು. ಮದುವೆಯ ದಿನ ಗಂಡನ ಹೆಸರು ಹೇಳೆಂದು ಹೊಸ್ತಿಲಲ್ಲಿ ಅಡ್ಡಗಟ್ಟಿದ ನಾದಿನಿಯರ ಗದ್ದಲ, ಅದರ ನಡುವೆ ಮದುಮಗಳ ನಡುಗುವ ದನಿಯಲ್ಲಿ ಅದೇ ಒಡಪು. ಅದು ಮುಗಿಯುತ್ತಲೇ ಪಕ್ಕದಲ್ಲಿದ್ದ ಗುರುಪಾದಪ್ಪ ಹೋ ಎಂದು ನಕ್ಕ. ಆ ನಗು ಕೌಂಟರಿನ ತುಂಬ ಹರಡಿತು.

ನೀಲವ್ವ ಬಾಯಿಗೆ ಸೆರಗು ಹಿಡಿದು, ಮೈಕಿನತ್ತ ಬಾಗಿ ಪಿಸುಗುಟ್ಟಿದಳು:

"ರೀ, ಮೆಲ್ಲಕ ನಗ್ರಿ. ಮಂದಿ ಕೇಳತಾರ."