ಅರ್ಧ ಸದ್ದು

ಮಗಳು ವಿನುತಾಗೆ ತಡೆಯಲಾಗದ ಸದ್ದುಗಳಲ್ಲಿ ಅರ್ಧವನ್ನು ಸರ್ವಮಂಗಳಾ ಒಂಬತ್ತು ವರ್ಷಗಳಿಂದ ತನ್ನ ಮುಂಗೈಗೆ ಕಟ್ಟಿದ, ಸದ್ದು ಎಳೆದುಕೊಳ್ಳುವ ಪಟ್ಟಿಯ ಮೂಲಕ ಹೊರುತ್ತಿದ್ದಳು. ಆಟಿಸಂ ಇದ್ದವರ ಮನೆಗಳಲ್ಲೆಲ್ಲ ಈಗ ಇದೇ ರೂಢಿ. ಹೊತ್ತು ಹೊತ್ತು ಮರಗಟ್ಟಿದ್ದ ಸರ್ವಮಂಗಳಾಳ ಮುಖ ಪಕ್ಕದಲ್ಲೇ ಕುಕ್ಕರ್ ಕೂಗಿದರೂ ಅಲುಗುತ್ತಿರಲಿಲ್ಲ.

ಪಟ್ಟಿ ತಯಾರಿಸುವ ನಫೀಸಾ ಬೆಳಿಗ್ಗೆ ಹೊಸದೊಂದನ್ನು ತಂದಳು. "ಅಮ್ಮಾ, ಇದರಲ್ಲಿ ಸದ್ದು ಪೂರ್ತಿ ನಿಮಗೇ ಬರುತ್ತೆ. ಕಷ್ಟ ಆಗಲ್ವಾ?"

"ಕಟ್ಟಮ್ಮ. ನನಗೀಗ ಏನೂ ಅನ್ನಿಸಲ್ಲ."

ಬಾಯಲ್ಲಿ ಮಾತಾಡದ ವಿನುತಾ ಟ್ಯಾಬಿನ ಮೇಲೆ ಬರೆದಳು: "ಬೇಡ. ಅಮ್ಮ ಮೊದಲು ಹಾಡ್ತಿದ್ಲು, ಈಗ ಹಾಡಲ್ಲ. ನನ್ನ ಸದ್ದು ನನಗೇ ಕೊಡಿ." ಬರೆದವಳೇ ತಾಯಿಯ ಕೈಯ ಹಳೆಯ ಪಟ್ಟಿಯನ್ನೂ ಬಿಚ್ಚಿಕೊಂಡಳು.

ಪಕ್ಕದ ಮನೆಯ ಮಿಕ್ಸಿ ಶುರುವಾಯಿತು. ವಿನುತಾ ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗಾಡಿದಳು. ಪಟ್ಟಿ ಮಾತ್ರ ಬಿಟ್ಟುಕೊಡಲಿಲ್ಲ. ಸರ್ವಮಂಗಳಾಗೆ ಅಳು ಬರಬೇಕಿತ್ತು, ಬರಲಿಲ್ಲ. ಅವಳು ಮಗಳ ಪಕ್ಕ ಕೂತು ತಾನೂ ತೂಗಾಡತೊಡಗಿದಳು.