ಏಳು ಗಂಟೆಯ ಡಬ್ಬಿ

ಕಟುಂ!

ಅಡುಗೆಮನೆಯಲ್ಲಿದ್ದ ಸೊಸೆ ಶ್ರೀವಲ್ಲಿಯ ಕಿವಿ ನೆಟ್ಟಗಾಯಿತು. ಬಿ.ಪಿ. ಮಾತ್ರೆಯನ್ನು ಯಾರಾದರೂ ಕಡಿದು ತಿನ್ನುತ್ತಾರೆಯೇ? ಅದೂ ಕಣ್ಣು ಮುಚ್ಚಿ, ಚಪ್ಪರಿಸಿಕೊಂಡು?

ಮಾವ ಅನಂತರಾಮಯ್ಯ, ಗೌರಿಬಿದನೂರಿನ ನಿವೃತ್ತ ಮೇಷ್ಟ್ರು. ಮೂರು ತಿಂಗಳಿಂದ ಬೆಳಿಗ್ಗೆ ಏಳು ಹೊಡೆಯುವುದೇ ತಡ, "ನನ್ನ ಬಿ.ಪಿ. ಮಾತ್ರೆ" ಎನ್ನುತ್ತಾ ತಮ್ಮ ಸ್ಟೀಲ್ ಡಬ್ಬಿ ತೆಗೆಯುತ್ತಿದ್ದರು. ಪೂಜೆ ಹತ್ತಕ್ಕೆ ಮುಗಿಯಲಿ, ಹನ್ನೊಂದಕ್ಕೆ ಮುಗಿಯಲಿ, ಡಬ್ಬಿ ಏಳಕ್ಕೇ. ಅತ್ತೆ ಕನಕಲಕ್ಷ್ಮಿ ಹಳೆಯ ಕಾಲದವರು. ಗಂಡನ ಬಾಯಿಗೆ ಏನಾದರೂ ಬೀಳದೆ ತೊಟ್ಟು ನೀರೂ ಮುಟ್ಟದವರು. ಮಾವನದಾದ ಮೇಲೆ ತಮ್ಮ ಬಿ.ಪಿ. ಮಾತ್ರೆಯನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದರು.

ಮಾವ ಹೂ ಕೊಯ್ಯಲು ಹೋದಾಗ ಶ್ರೀವಲ್ಲಿ ಡಬ್ಬಿ ತೆರೆದಳು. ಒಳಗೆ ಬರೀ ಪೆಪ್ಪರ್‌ಮೆಂಟ್!

ಅವಳು ಡಬ್ಬಿಯನ್ನು ತಟ್ಟನೆ ಮುಚ್ಚಿದಳು. ತೊಂಡೇಬಾವಿಯಲ್ಲಿ ಮಾವನ ಅಣ್ಣ ಹೀಗೆಯೇ ಮಾತ್ರೆ ಬಿಟ್ಟು, ಲಕ್ವ ಹೊಡೆದು ಮಲಗಿ ಇನ್ನೂ ವರ್ಷವಾಗಿರಲಿಲ್ಲ.

"ಮಾವ, ಮಾತ್ರೆ ತಪ್ಪಿಸ್ತಿದ್ದೀರಾ?" ಹೂ ಹಿಡಿದು ಒಳಬಂದವರನ್ನು ಕೇಳಿದಳು.

"ನಾನು ಒಂದಿನ ತಪ್ಪಿಸಿದ್ರೂ ಈ ಮನೇಲಿ ಒಂದು ಜೀವಕ್ಕೆ ಸಂಚಕಾರ ಅಂತ ನಂಗೊತ್ತಿಲ್ವೇನಮ್ಮ?" ಎಂದರು ಮಾವ. ಬಾಯಿಂದ ಘಮ್ಮೆಂದು ಪುದೀನ ವಾಸನೆ ಬಂತು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಈ ಕಳ್ಳನ ಮುಖದಲ್ಲೋ ಮದುವೆಮನೆಯ ಕಳೆ! ಶ್ರೀವಲ್ಲಿಗೆ ಸಿಟ್ಟೂ ಬಂತು, ನಗುವೂ ಬಂತು.

ಅಂದು ಅತ್ತೆಯ ತಪಾಸಣೆಯಿತ್ತು. ಅದೇ ಆಟೋಗೆ ಮಾವನನ್ನೂ ಹತ್ತಿಸಿ ಕರೆದೊಯ್ದಳು. ಡಾಕ್ಟರ್ ಸಂಘಮಿತ್ರ ಮೊದಲು ಅತ್ತೆಯನ್ನು ನೋಡಿ, "ಭೇಷ್ ಅಮ್ಮ, ಮೂರು ತಿಂಗಳಲ್ಲಿ ಹಿಡಿತಕ್ಕೆ ಬಂತು" ಎಂದು ಹೊರಗಿನ ಬೆಂಚಿಗೆ ಕಳಿಸಿದರು. ಆಮೇಲೆ ಮಾವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಶ್ರೀವಲ್ಲಿ ಬಗ್ಗಿ ಮೀಟರನ್ನೇ ನೋಡಿದಳು.

"ನೂರಿಪ್ಪತ್ತು, ಎಂಬತ್ತು. ಚಿನ್ನದಂಥ ಬಿ.ಪಿ.!"

"ಅದ್ಹೇಗೆ ಡಾಕ್ಟ್ರೇ? ಮೂರು ತಿಂಗಳಿಂದ ಮಾತ್ರೆ ಬಿಟ್ಟು ಪೆಪ್ಪರ್‌ಮೆಂಟ್ ತಿಂತಿದ್ದಾರೆ!"

ಡಾಕ್ಟರ್ ಹಳೆಯ ಚೀಟಿಗಳನ್ನೆಲ್ಲ ತಿರುವಿದರು. ಆಮೇಲೆ ಬಿದ್ದು ಬಿದ್ದು ನಗತೊಡಗಿದರು. "ಇವ್ರಿಗೆ ಬಿ.ಪಿ. ಇದೆ ಅಂತ ಹೇಳಿದ್ಯಾರಮ್ಮ? ನಾನು ಮಾತ್ರೆ ಬರ್ಕೊಟ್ಟೇ ಇಲ್ವಲ್ಲ!"

ಮಾವ ಬಾಗಿಲ ಕಡೆ ಕಳ್ಳನೋಟ ಬೀರಿ ತುಟಿಗೆ ಬೆರಳಿಟ್ಟರು. "ಮೆಲ್ಲಗೆ ಕಣಮ್ಮ, ನಿಮ್ಮತ್ತೆಗೆ ಕೇಳ್ಸೀತು! ದಿನಾ ಏಳಕ್ಕೆ ಸರಿಯಾಗಿ ಮಾತ್ರೆ ಬೀಳ್ಬೇಕಾಗಿರೋದು ಅವಳ ಹೊಟ್ಟೆಗೆ. ನಾನು ಮೊದ್ಲು ಏನಾದ್ರೂ ನುಂಗ್ದೆ ಅವಳು ಬಾಯಿ ತೆಗೀತಾಳಾ?"